ದಶಮಾಂಶ: ಯಾರಿಂದ, ಯಾರಿಗೆ?

ಗಳಿಕೆಯ ಹತ್ತನೆಯ ಪಾಲನ್ನು ದೇವರಿಗೆಂದು ಎತ್ತಿಡುವುದನ್ನು ಕ್ರೈಸ್ತರು ದಶಮಾಂಶ ಎನ್ನುತ್ತಾರೆ. ಇಷ್ಟೇ ಎಂಬ ಲೆಕ್ಕವಿಲ್ಲದೆ ಮನಃಪೂರ್ವಕವಾಗಿ ಸಲ್ಲಿಸುವುದು ಕಾಣಿಕೆ. ದಶಮಾಂಶ ಇಂದಿಗೂ ಕಡ್ಡಾಯವೇ ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ರಾಯಚೂರು ಜಿಲ್ಲೆಯ ಮಸರಕಲ್, ದೇವದುರ್ಗ, ಮಾನ್ವಿಗಳಂತಹ, ಕೂಲಿ ಅರಸಿ ಬೆಂಗಳೂರಿನವರೆಗೂ ಗುಳೆ ಹೋಗುವ ಕುಟುಂಬಗಳಿರುವ ಸೀಮೆಯಲ್ಲಿ ಈ ಪ್ರಶ್ನೆ ಎದ್ದಾಗ, ಮೂಲದಲ್ಲಿ ಅದನ್ನು ಯಾರು ಕೊಡುತ್ತಿದ್ದರು, ಅದು ಯಾರಿಗೆ ಸಲ್ಲುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರವು ಹೊಲದ ಧಾನ್ಯ, ದ್ರಾಕ್ಷಾರಸ, ಎಣ್ಣೆ ಹಾಗೂ ದನಕುರಿಗಳ ದಶಮಾಂಶವನ್ನು ಹೆಸರಿಸುತ್ತದೆಯೇ ಹೊರತು ದಿನಗೂಲಿಯನ್ನು ಹೆಸರಿಸುವುದಿಲ್ಲ. ಅಂದರೆ ಅದರ ಹೊಣೆ ಹೊಲ ಮತ್ತು ಮಂದೆ ಉಳ್ಳವರ ಮೇಲಿತ್ತು. ಭೂಮಿಯಲ್ಲಿ ಪಾಲಿಲ್ಲದೆ ದೇವಸೇವೆಗೆ ನಿಂತ ಲೇವಿಯರೆಂಬ ಕುಲದವರ ಜೀವನಾಧಾರವಾಗಿದ್ದ ಈ ಪಾಲು, ಮೂರು ವರ್ಷಕ್ಕೊಮ್ಮೆ ಊರಿನಲ್ಲಿಯೇ ಉಳಿದು ಪರದೇಶಿಗಳು, ಅನಾಥರು, ವಿಧವೆಯರ ಹಸಿವನ್ನೂ ತಣಿಸಬೇಕೆಂದು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ವಿಧಿಸುತ್ತದೆ. ಮಲಾಕಿಯನ ಗ್ರಂಥದ 3ನೆಯ ಅಧ್ಯಾಯವನ್ನು ತೋರಿಸಿ ದಶಮಾಂಶ ಕೇಳುವವರು ಧರ್ಮೋಪದೇಶಕಾಂಡದ ಈ ಅಧ್ಯಾಯವನ್ನೂ ಜೊತೆಯಲ್ಲಿಟ್ಟು ಓದಬೇಕು.

ಪುದೀನ, ಜೀರಿಗೆಗಳಲ್ಲಿಯೂ ದಶಮಾಂಶ ಎಣಿಸಿ ನ್ಯಾಯ ಮತ್ತು ಕರುಣೆಯನ್ನು ಮರೆತವರನ್ನು ಯೇಸು ಖಂಡಿಸಿದರೂ ಆ ಪದ್ಧತಿಯನ್ನು ಬಿಡಿರೆನ್ನಲಿಲ್ಲ; ಅಪೊಸ್ತಲ ಪೌಲನಾದರೋ ಕೊರಿಂಥದ ಸಭೆಯವರಿಗೆ ಒತ್ತಾಯವಿಲ್ಲದೆ ಸಂತೋಷದಿಂದ ಕೊಡಿರೆಂದು ಬರೆದನು. ಮುಂದೆ ಯೂರೋಪಿನಲ್ಲಿ ಷಾರ್ಲಮೇನ್ ದೊರೆ 779ರಲ್ಲಿ ದಶಮಾಂಶವನ್ನು ಕಾನೂನಾಗಿಸಿದನು. 1789ರ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅದು ಆ ದೇಶದಲ್ಲಿ ರದ್ದಾಯಿತು. 1983ರ ಕಥೋಲಿಕ ಧರ್ಮಸಂಹಿತೆ ಧರ್ಮಸಭೆಯ ಅಗತ್ಯಗಳಿಗೆ ನೆರವಾಗಿರೆಂದು ವಿಶ್ವಾಸಿಗಳಿಗೆ ವಿಧಿಸುತ್ತದೆ, ಹತ್ತರ ಲೆಕ್ಕ ಹಾಕುವುದಿಲ್ಲ. ಅನೇಕ ಪೆಂತೆಕೊಸ್ತ ಸಭೆಗಳಾದರೋ ಹತ್ತನೆಯ ಪಾಲನ್ನೇ ಕನಿಷ್ಠ ಕರ್ತವ್ಯವೆಂದು ಬೋಧಿಸುತ್ತವೆ.

ಬಡವರಿಂದಲೂ ಕಾಣಿಕೆ ಬಯಸುವವರು ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿ ಯೇಸುವಿನ ಮೆಚ್ಚುಗೆ ಪಡೆದ ಬಡ ವಿಧವೆಯನ್ನು ಉದಾಹರಿಸುತ್ತಾರೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಆ ಪ್ರಸಂಗಕ್ಕೆ ತುಸು ಮೊದಲೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಕಟುವಾಗಿ ಖಂಡಿಸಿದ್ದಾನೆ. ಈ ಮಾತನ್ನು ಬಿಟ್ಟು ಆ ವಿಧವೆಯನ್ನಷ್ಟೇ ಮೆಚ್ಚುವುದು ಅರ್ಧ ಓದು. ಕೊಡುವುದರ ಬಗೆಗಿನ ಇಂತಹ ವಿವೇಕ ಈ ನೆಲಕ್ಕೂ ಹೊಸದಲ್ಲ: ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳೆನ್ನಲಾಗುವ, 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಕಾಯಕದಿಂದ ಬಂದುದರಲ್ಲಿಯೇ ದಾಸೋಹ, ಅಂದರೆ ಹಂಚಿ ಉಣ್ಣುವ ಸೇವೆ, ನಡೆಯಬೇಕೆಂಬ ಈ ನಿಲುವು ಪೌಲನ ಮಾತಿಗೆ ಬಹಳ ಹತ್ತಿರದ್ದು.

ಆದ್ದರಿಂದ ಬೀಜ, ಗೊಬ್ಬರಗಳ ಸಾಲದಲ್ಲಿರುವ ಗುತ್ತಿಗೆ ರೈತರಿಂದಲೂ ಗುಳೆ ಹೋಗಿ ಬಂದ ಕೂಲಿಕಾರರಿಂದಲೂ ಹತ್ತನೆಯ ಪಾಲನ್ನು ಹಕ್ಕಿನಂತೆ ಕೇಳುವುದನ್ನು ಸಭೆಗಳು ಕೈಬಿಡಬೇಕು. ಸಂಗ್ರಹವಾದ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳ ಮುಂದೆ ಓದಿ, ಅದರಲ್ಲೊಂದು ಪಾಲನ್ನು ಇಂತಹ ಕುಟುಂಬಗಳಿಗಾಗಿಯೇ ತೆಗೆದಿಡಬೇಕು.