ಬೋರ್ಡು ಮಾಂಟೆಸ್ಸರಿ, ಒಳಗೆ ಎಲ್‌ಕೆಜಿ

ವರ್ಷದ ಕೊನೆ ಬಂತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಕರೆಂಟ್ ಕಂಬಕ್ಕೊಂದು ಫ್ಲೆಕ್ಸ್ ಜೋತುಬೀಳುತ್ತದೆ: ‘ಅಡ್ಮಿಷನ್ಸ್ ಓಪನ್’. ಪ್ಲೇ ಹೋಂ, ನರ್ಸರಿ, ಎಲ್‌ಕೆಜಿ, ಮಾಂಟೆಸ್ಸರಿ, ಇಂಟರ್‌ನ್ಯಾಷನಲ್ ಪ್ರೀಸ್ಕೂಲ್. ಎರಡೂವರೆ ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಪ್ಪ ಅಮ್ಮ ಒಂದೊಂದೇ ಶಾಲೆಯ ಮೆಟ್ಟಿಲು ಹತ್ತಿಳಿಯುತ್ತಾರೆ. ಎಲ್ಲ ಕಡೆಯೂ ಗೋಡೆಯ ಮೇಲೆ ಅದೇ ಜಿರಾಫೆ, ಅದೇ ಕಾಮನಬಿಲ್ಲು. ಅದೇ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅಂಗನವಾಡಿಯೂ ಇರುತ್ತದೆ. ಅದಕ್ಕೆ ಫ್ಲೆಕ್ಸ್ ಹಾಕಿಸುವವರಿಲ್ಲ, ಹಾಗಾಗಿ ಮಧ್ಯಮ ವರ್ಗದ ಪೋಷಕರ ಪಟ್ಟಿಯಲ್ಲಿ ಅದು ಸೇರುವುದೂ ಇಲ್ಲ.

ಇವುಗಳ ನಡುವೆ ನಿಜವಾದ ವ್ಯತ್ಯಾಸ ಇದೆಯೇ? ಇದೆ. ಆದರೆ ಆ ವ್ಯತ್ಯಾಸ ಬೋರ್ಡಿನಲ್ಲಿ ಬರೆದಿರುವುದು ಕಡಿಮೆ.

ಮಾಂಟೆಸ್ಸರಿಯನ್ನೇ ನೋಡಿ. ಇವತ್ತು ಈ ಹೆಸರು ಕೇಳಿದರೆ ದುಬಾರಿ ಫೀಸು ನೆನಪಾಗುತ್ತದೆ. ಆದರೆ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬಲ್ಲಿ ತೆರೆದ ಮೊದಲ ಮಕ್ಕಳ ಮನೆ ಕೂಲಿಕಾರರ ಮಕ್ಕಳಿಗಾಗಿ ಇದ್ದದ್ದು. ದಕ್ಷಿಣ ಭಾರತಕ್ಕೂ ಈ ಪದ್ಧತಿಗೂ ಹಳೆಯ ನಂಟು. ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದ ಆಕೆ ಕೆಲವು ತಿಂಗಳಲ್ಲಿ ವಾಪಸಾಗುವವರಿದ್ದರು. ಅಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರಕ್ಕೆ ಇಟಲಿಯವರೆಲ್ಲ ಶತ್ರುಗಳು. ಮಗ ಮಾರಿಯೊನನ್ನು ಕೆಲಕಾಲ ಬಂಧನದಲ್ಲಿಟ್ಟರು, ತಾಯಿಯ ಓಡಾಟಕ್ಕೆ ಕಡಿವಾಣ ಹಾಕಿದರು. ಹಾಗೆ 1946ರವರೆಗೂ ಇಲ್ಲೇ ಉಳಿದ ಆಕೆ ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಬೆಂಗಳೂರಿನಲ್ಲಿ ಇಂದಿಗೂ ಗಟ್ಟಿಯಾದ ಮಾಂಟೆಸ್ಸರಿ ತರಬೇತಿ ಕೇಂದ್ರಗಳಿರುವುದರ ಬೇರು ಅಲ್ಲಿದೆ.

ಪದ್ಧತಿಯ ಜೀವ ಎಲ್ಲಿದೆ ಎಂಬುದು ಅದರ ಒಂದು ಸಾಮಾನನ್ನು ನೋಡಿದರೆ ಗೊತ್ತಾಗುತ್ತದೆ. ಉದ್ದನೆಯ ಮರದ ದಿಮ್ಮಿ, ಅದರಲ್ಲಿ ಹತ್ತು ಕುಳಿ, ಪ್ರತಿ ಕುಳಿಗೂ ಸರಿಯಾಗಿ ಕೂರುವ ಒಂದೊಂದು ಗುಬುಟು. ಮೂರು ವರ್ಷದ ಮಗು ಹತ್ತನ್ನೂ ಹೊರತೆಗೆದು ಚಾಪೆಯ ಮೇಲೆ ಹರಡಿಕೊಂಡು ಮತ್ತೆ ಜೋಡಿಸುತ್ತದೆ. ನಡುವೆ ಒಂದು ಸಣ್ಣ ಗುಬುಟು ದೊಡ್ಡ ಕುಳಿಗೆ ಹೋಗಿರುತ್ತದೆ. ಆಗೇನೂ ಗೊತ್ತಾಗುವುದಿಲ್ಲ. ಕೊನೆಗೆ ಕೈಯಲ್ಲೊಂದು ದಪ್ಪ ಗುಬುಟು, ಎದುರಿಗೆ ಅದು ಹೋಗದ ಪುಟ್ಟ ಕುಳಿ. ಮಗು ಹುಬ್ಬು ಗಂಟಿಕ್ಕಿ, ಒಂದೆರಡನ್ನು ಕಿತ್ತು, ಮತ್ತೆ ಹಾಕುತ್ತದೆ. ‘ತಪ್ಪು ಪುಟ್ಟಾ’ ಎಂದು ಮಿಸ್ ಹೇಳಬೇಕಾಗಿಯೇ ಇಲ್ಲ, ತಪ್ಪನ್ನು ಮರವೇ ತೋರಿಸಿತು. ಪೆನ್ಸಿಲ್ ಹಿಡಿಯಬೇಕಾದ ಮೂರು ಬೆರಳುಗಳಿಗೂ ಅದೇ ಹೊತ್ತಿಗೆ ಅಭ್ಯಾಸ ಆಯಿತು.

ಇದಕ್ಕೆ ಬೇಕಾದದ್ದು ತರಬೇತಾದ ಶಿಕ್ಷಕಿ, ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗಿರುವ ಕೊಠಡಿ, ಗಂಟೆ ಬಾರಿಸಿ ಕದಲಿಸದ ಎರಡು ಮೂರು ತಾಸು. ಮೂರೂ ದುಬಾರಿ. ತೊಡಕೇನೆಂದರೆ ಮಾಂಟೆಸ್ಸರಿ ಎಂಬ ಹೆಸರು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು, ಬರೆಸಿಕೊಂಡಿದ್ದಾರೆ ಕೂಡ. ಎಷ್ಟೋ ಕಡೆ ಮಾಂಟೆಸ್ಸರಿ ಸಾಮಾನು ಗಾಜಿನ ಬೀರುವಿನಲ್ಲಿ ಭದ್ರವಾಗಿದ್ದು, ಮಕ್ಕಳು ಬೆಂಚಿನ ಮೇಲೆ ಕೂತು ನಾಲ್ಕು ಗೆರೆಯ ಪುಸ್ತಕದಲ್ಲಿ ಎ ಬಿ ಸಿ ಡಿ ತಿದ್ದುತ್ತಿರುತ್ತಾರೆ.

ಅಂದರೆ ಅದು ಎಲ್‌ಕೆಜಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಹಾಡು, ಮರದ ಘನಗಳು, ಕೈತೋಟ. ನಮ್ಮ ಊರುಗಳಿಗೆ ಬರುವ ಹೊತ್ತಿಗೆ ಅದು ಒಂದನೇ ತರಗತಿಗೆ ಕಟ್ಟಿದ ಮೆಟ್ಟಿಲಾಯಿತು: ಕೆಳಗಿನದು ‘ಎಲ್’, ಮೇಲಿನದು ‘ಯು’. ನಾಲ್ಕು ವರ್ಷದ ಮಗುವಿಗೆ ಒಂದರಿಂದ ಐವತ್ತರವರೆಗೆ ಬರೆಯುವ ಹೋಂವರ್ಕ್, ತಿಂಗಳಿಗೊಂದು ಟೆಸ್ಟ್. ಪೋಷಕರನ್ನು ದೂರಿ ಫಲವಿಲ್ಲ. ಮಗು ಬರೆದದ್ದು ಕಣ್ಣಿಗೆ ಕಾಣುತ್ತದೆ, ಕಟ್ಟಿದ ಫೀಸಿಗೆ ರಸೀದಿಯ ಹಾಗೆ. ಆಡಿದ್ದು ಕಾಣುವುದಿಲ್ಲ.

ಕಲಿಸುವ ರೀತಿಯಿಂದ ಮುಂದೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ ಪರೀಕ್ಷಿಸಿದ್ದುಂಟು. 1967ರಲ್ಲಿ ಆರಂಭವಾದ ಆ ಅಧ್ಯಯನದಲ್ಲಿ 68 ಬಡ ಮಕ್ಕಳನ್ನು ಮೂರು ಬಗೆಯ ಶಾಲೆಗಳಿಗೆ ಹಂಚಿದರು. ಒಂದರಲ್ಲಿ ಶಿಕ್ಷಕಿ ಹೇಳಿದ್ದನ್ನು ಮಕ್ಕಳು ಒಪ್ಪಿಸಬೇಕು. ಇನ್ನೊಂದರಲ್ಲಿ ಮಕ್ಕಳೇ ಯೋಜನೆ ಹಾಕಿ, ಮಾಡಿ, ಆಮೇಲೆ ಅದರ ಬಗ್ಗೆ ಮಾತಾಡಬೇಕು. ಮೂರನೆಯದು ಆಟಪ್ರಧಾನ ನರ್ಸರಿ. ಆರಂಭದಲ್ಲಿ ಮೂರೂ ಗುಂಪುಗಳ ಬುದ್ಧಿಮತ್ತೆಯ ಅಂಕಗಳು ಏರಿದವು. 23ನೇ ವಯಸ್ಸಿಗೆ ನೋಡಿದಾಗ ಒಪ್ಪಿಸುವ ಶಾಲೆಯಿಂದ ಬಂದವರಲ್ಲಿ ಪೊಲೀಸ್ ಕೇಸುಗಳು ಮಿಕ್ಕವರಿಗಿಂತ ಹೆಚ್ಚಿದ್ದವು. 68 ಮಕ್ಕಳು ಎಂದರೆ ಸಣ್ಣ ಸಂಖ್ಯೆ, ಅದರ ಮೇಲೆ ದೊಡ್ಡ ತೀರ್ಪು ಕಟ್ಟುವುದು ತಪ್ಪು. ಆದರೂ ‘ಬೇಗ ಬರೆಸಿದರೆ ಬೇಗ ಮುಂದೆ ಬರುತ್ತಾರೆ’ ಎಂಬ ನಂಬಿಕೆಗೆ ಅದು ಬೆಂಬಲ ಕೊಡುವುದಿಲ್ಲ.

ಇನ್ನು ಅಂಗನವಾಡಿ. ಈ ಹೆಸರು ಬಂದದ್ದು ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರಿಂದ. ಅಲ್ಲಿನ ಬೋರ್ಡಿ ಎಂಬ ಊರಿನ ಸುತ್ತಿನ ಬಡ ಕೇರಿಗಳ ಅಂಗಳಕ್ಕೇ ಹೋಗಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದವರು ಅವರು. ಅದಕ್ಕೂ ಮೊದಲು, 1920ರಲ್ಲೇ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಬಾಲಮಂದಿರ ತೆರೆದಿದ್ದರು. ಮಕ್ಕಳನ್ನು ಅಷ್ಟು ಹಚ್ಚಿಕೊಂಡಿದ್ದ ಅವರನ್ನು ಜನ ‘ಮೀಸೆಯ ತಾಯಿ’ ಎನ್ನುತ್ತಿದ್ದರು. ಇಬ್ಬರೂ ಮಾಂಟೆಸ್ಸರಿಯನ್ನು ಓದಿಕೊಂಡವರೇ, ಆದರೆ ವಿದೇಶಿ ಸಾಮಾನಿನ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಮಣ್ಣು ಬಳಸಿಕೊಂಡರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮನೆಯಿಂದ ನಡೆದುಹೋಗುವ ದೂರ, ಮನೆಮಾತಲ್ಲೇ ಮಾತು, ಬಿಸಿ ಊಟ, ಹಾಲು, ಮೊಟ್ಟೆ, ಶುಲ್ಕವಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಶಿಶುವಿಹಾರ ಇನ್ನೊಂದಿಲ್ಲ. ರಾಜ್ಯದ ಅಂಗನವಾಡಿಗಳಿಗೆಂದೇ ರೂಪಿಸಿದ ‘ಚಿಲಿಪಿಲಿ’ ಎಂಬ ಪಾಠಕ್ರಮವೂ ಹಾಡು, ಕಥೆ, ಆಟಗಳದ್ದೇ.

ಆದರೆ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಇವೆಲ್ಲದರ ಓಡಾಟವೂ ಅದೇ ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ. ಬೆಳಗ್ಗೆ ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ ‘ಆನೆ ಬಂತೊಂದಾನೆ’ ಎಂದು ಶುರು ಮಾಡುವಷ್ಟರಲ್ಲಿ ಬಾಗಿಲಲ್ಲಿ ಗರ್ಭಿಣಿಯೊಬ್ಬರು ತಾಯಿ ಕಾರ್ಡ್ ಹಿಡಿದು ನಿಂತಿರುತ್ತಾರೆ. ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನಮೂದಿಸಬೇಕು, ನೆಟ್‌ವರ್ಕ್ ಇಲ್ಲ. ಚುನಾವಣೆ ಬಂದರೆ ಮತದಾರರ ಪಟ್ಟಿ ಬೇರೆ. ಒಳಗೆ ಸಹಾಯಕಿ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಆನೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಬ್ಬರನ್ನು ಕೊಟ್ಟರೆ ಏನಾಗುತ್ತದೆ? ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೊಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ತಮಿಳುನಾಡಿನ ಅಂಗನವಾಡಿಗಳಲ್ಲಿ ಇದನ್ನೇ ನೋಡಿದರು. ಕೆಲವು ಕೇಂದ್ರಗಳಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು, ಕೊಡದ ಕೇಂದ್ರಗಳೊಂದಿಗೆ ಹೋಲಿಸಿದರು. ಪಾಠದ ಸಮಯ ದುಪ್ಪಟ್ಟಾಯಿತು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ತೀವ್ರ ಅಪೌಷ್ಟಿಕತೆಯೂ ತಗ್ಗಿತು. ಹೊಸ ಕಟ್ಟಡ, ಹೊಸ ಹೆಸರು ಯಾವುದೂ ಬೇಕಾಗಲಿಲ್ಲ.

ಕರ್ನಾಟಕದಲ್ಲಿ ಮಾತ್ರ ಚರ್ಚೆ ಹೆಸರಿನ ಸುತ್ತಲೇ ತಿರುಗಿತು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಾಗ, ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಗತಿಯೇನು ಎಂದು ಅಂಗನವಾಡಿ ಕಾರ್ಯಕರ್ತೆಯರು 2024ರಲ್ಲಿ ಬೀದಿಗಿಳಿದರು. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಬೋರ್ಡು ಬಂತು. ಈ ಕಾರ್ಯಕರ್ತೆಯರಿಗೆ ಸಿಗುವುದು ಇಂದಿಗೂ ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ.

ಹಾಗೆಂದು ಖಾಸಗಿಯವರು ಗೆದ್ದರು ಎನ್ನುವಂತಿಲ್ಲ. ಅಸ್ಸಾಂ, ರಾಜಸ್ಥಾನ ಮತ್ತು ಅವಿಭಜಿತ ಆಂಧ್ರದ ಹಳ್ಳಿಗಳ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕರಿಂದ ಎಂಟನೇ ವಯಸ್ಸಿನವರೆಗೆ ಹಿಂಬಾಲಿಸಿದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅಂಗನವಾಡಿಯಲ್ಲಿ ಕಲಿಕೆಗೆ ಸಿಗುವ ಹೊತ್ತು ಕಡಿಮೆ, ಖಾಸಗಿ ಶಾಲೆಯಲ್ಲಿ ಆ ಹೊತ್ತೆಲ್ಲ ಬರೆಸುವುದಕ್ಕೇ ಖರ್ಚು. ಎರಡರಲ್ಲೂ ಆ ವಯಸ್ಸಿಗೆ ತಕ್ಕದ್ದು ನಡೆಯುತ್ತಿರಲಿಲ್ಲ.

ವಾಲ್ಡಾರ್ಫ್, ರೆಜಿಯೊ ಎಂಬ ಹೆಸರುಗಳೂ ಈಗ ಬೆಂಗಳೂರಿನ ಬ್ರೋಷರುಗಳಲ್ಲಿವೆ. ಮೊದಲನೆಯದು 1919ರಲ್ಲಿ ಸ್ಟುಟ್‌ಗಾರ್ಟ್‌ನ ಸಿಗರೇಟ್ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗೆಂದು ರುಡಾಲ್ಫ್ ಸ್ಟೈನರ್ ಕಟ್ಟಿದ್ದು; ಸುಮಾರು ಏಳು ವರ್ಷದವರೆಗೆ ಅಕ್ಷರ ಕಲಿಸುವುದಿಲ್ಲ, ಕಥೆ, ಹಿಟ್ಟು ನಾದುವುದು, ತೋಟದ ಕೆಲಸ. ಎರಡನೆಯದು ಇಟಲಿಯ ರೆಜಿಯೊ ಎಮಿಲಿಯಾ ಪ್ರದೇಶದ್ದು. 1945ರಲ್ಲಿ ಅಲ್ಲಿನ ಒಂದು ಹಳ್ಳಿಯವರು ಜರ್ಮನ್ ಸೈನಿಕರು ಬಿಟ್ಟುಹೋದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳನ್ನು ಮಾರಿ ಬಂದ ದುಡ್ಡಿನಲ್ಲಿ ಮಕ್ಕಳ ಶಾಲೆ ಕಟ್ಟಲು ಹೊರಟರು. ಹೀಗೆ ನೋಡಿದರೆ ಇವತ್ತಿನ ಬಹುತೇಕ ‘ಪ್ರೀಮಿಯಂ’ ಪದ್ಧತಿಗಳು ಹುಟ್ಟಿದ್ದು ದುಡಿಯುವವರ ಮಕ್ಕಳಿಗಾಗಿಯೇ!

ಭಾಷೆಯ ಮಾತು ಬೇರೆಯೇ ಇದೆ. ಮೂರರಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಕಲಿಸಬೇಕೆನ್ನುತ್ತದೆ. ಆದರೆ ಕನ್ನಡ ಮಾಧ್ಯಮವನ್ನು ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ‘ಉಚ್ಚೆ ಬಂತು’ ಅನ್ನುವುದಕ್ಕೂ ಮೊದಲು ಇಂಗ್ಲಿಷ್ ಹುಡುಕುವ ಮೂರು ವರ್ಷದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ.

ಶಾಲೆ ಹುಡುಕುತ್ತಿರುವವರು ಪದ್ಧತಿಯ ಹೆಸರು ಕೇಳುವ ಮೊದಲು ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು ಎಂದು ಕೇಳುವುದು ಒಳ್ಳೆಯದು. 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರರಿಂದ ಆರು ವರ್ಷದವರಿಗೆ ಅದು ಇಪ್ಪತ್ತನ್ನು ದಾಟಬಾರದು, ಮೂರಕ್ಕಿಂತ ಚಿಕ್ಕವರಿಗೆ ಹತ್ತನ್ನು. ತರಬೇತಿ ಎಲ್ಲಿ ಆಯಿತು, ಸಾಮಾನು ಮಕ್ಕಳ ಕೈಗೆ ಎಟಕುತ್ತದೆಯೇ, ಅತ್ತ ಮಗುವನ್ನು ಯಾರು ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕು. ಅರ್ಧ ಗಂಟೆ ಹಿಂದೆ ಕೂತು ನೋಡುತ್ತೇವೆ ಎಂದರೆ ಕೆಲವು ಶಾಲೆಗಳು ಒಪ್ಪುತ್ತವೆ, ಕೆಲವು ರಿಸೆಪ್ಷನ್‌ನಲ್ಲೇ ಬ್ರೋಷರ್ ಕೊಟ್ಟು ಕಳಿಸುತ್ತವೆ. ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಹೋಗುವುದಾದರೆ ಹನ್ನೊಂದರೊಳಗೆ ಹೋಗಬೇಕು, ಆಮೇಲೆ ಊಟದ ಗಡಿಬಿಡಿ.