ಲಕ್ಷುರಿಯೋ, ಸ್ಪೋರ್ಟೋ?

ಪ್ರಶ್ನೆ: ಐದಾರು ವರ್ಷ ಓಡಿದ ಬಿಎಂಡಬ್ಲ್ಯು 3 ಸೀರೀಸ್ ಕಾರನ್ನು ಕೊಳ್ಳಬೇಕೆಂದಿದ್ದೇನೆ. ಸ್ಪೋರ್ಟ್, ಲಕ್ಷುರಿ ಲೈನ್, ಎಂ ಸ್ಪೋರ್ಟ್. ಇವುಗಳಲ್ಲಿ ಯಾವುದು ಲೇಸು?
— ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: 2019ರಲ್ಲಿ ಭಾರತಕ್ಕೆ ಬಂದ ಪೀಳಿಗೆಯಲ್ಲಿ 320ಡಿ ಎಂಬ ಡೀಸೆಲ್ ಕಾರು ಸ್ಪೋರ್ಟ್ ಮತ್ತು ಲಕ್ಷುರಿ ಲೈನ್ ಎಂಬ ಎರಡು ವೇಷಗಳಲ್ಲಿ ದೊರೆಯುತ್ತಿದ್ದು, ಎರಡರಲ್ಲಿಯೂ 190 ಅಶ್ವಶಕ್ತಿಯ ಒಂದೇ ಎಂಜಿನ್ ಇದ್ದುದರಿಂದ, ಅವುಗಳೊಳಗಣ ಭೇದವು ಆಸನ, ಅಲಂಕಾರ, ಸೌಕರ್ಯಗಳದೇ ಹೊರತು ವೇಗದ್ದಲ್ಲ. 330ಐ ಎಂ ಸ್ಪೋರ್ಟ್ ಆದರೋ 258 ಅಶ್ವಶಕ್ತಿಯ ಪೆಟ್ರೋಲ್ ವಾಹನ. ಅಲ್ಲಿ ಹೆಸರಿನೊಡನೆ ಸ್ವಭಾವವೂ ಬೇರೆ.

ದೇವನಹಳ್ಳಿಯ ವಿಮಾನನಿಲ್ದಾಣದ ಹೆದ್ದಾರಿಯಲ್ಲಿ ಮೂರೂ ಸುಖವೇ. ಆದರೆ ಹೆದ್ದಾರಿಯಿಂದ ಹಳ್ಳಿಯ ಕಡೆಗೆ ತಿರುಗಿದೊಡನೆ ಎದುರಾಗುವ, ಬಣ್ಣ ಮಾಸಿದ ಹಂಪುಗಳ ಮೇಲೆ, ತೆಳ್ಳನೆಯ ಅಂಚಿನ ದೊಡ್ಡ ಚಕ್ರಗಳೂ ಬಿರುಸಾದ ರನ್‌ಫ್ಲಾಟ್ ಟೈರುಗಳೂ ಬೆನ್ನಿಗೆ ತಮ್ಮ ವಾರ್ತೆಯನ್ನು ಮುಟ್ಟಿಸದೆ ಬಿಡವು. ವೃದ್ಧ ತಂದೆತಾಯಿಗಳನ್ನು ಕೂರಿಸಿಕೊಂಡು ಹೋಗುವವರಿಗೆ, ನನ್ನ ಮತದಲ್ಲಿ, ಲಕ್ಷುರಿ ಲೈನೇ ಲೇಸು.

ಆದರೂ ಹಳೆಯ ಕಾರಿನಲ್ಲಿ ಬಿರುದಿಗಿಂತ ಪೂರ್ವಚರಿತ್ರೆಯೇ ಪ್ರಧಾನ. ನೆಲಕ್ಕೆ ಬಾಗಿ, ಟಾರ್ಚು ಹಿಡಿದು, ಚಕ್ರದ ಒಳ ಅಂಚನ್ನು ಬೆರಳಿನಿಂದ ಸವರಿ ನೋಡಿರಿ. ಗುಂಡಿಯ ಪೆಟ್ಟು ತಗುಲಿದ್ದಲ್ಲಿ ಲೋಹವು ಬಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳುಂಟು: 2321 ಎಂದಿದ್ದರೆ ಅದು 2021ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಸರ್ವಿಸ್ ದಾಖಲೆಯಿಲ್ಲದ ಎಂ ಸ್ಪೋರ್ಟ್‌ಗಿಂತ ದಾಖಲೆಯುಳ್ಳ ಸಾದಾ ಸ್ಪೋರ್ಟ್ ಮೇಲು. ದೆಹಲಿಯಿಂದ ಬಂದ ಕಾರು ಅಗ್ಗವೆನಿಸಿದರೆ, ಅಲ್ಲಿನ ನಿರಾಕ್ಷೇಪಣಾ ಪತ್ರವನ್ನು ಕೇಳಿ, ಇಲ್ಲಿ ತೆರಬೇಕಾದ ಆಜೀವ ತೆರಿಗೆಯನ್ನು ಕೂಡಿಸಿಯೇ ಬೆಲೆಯನ್ನು ಮಾತನಾಡಿರಿ.