ಹಳೇ ನಾಣ್ಯ ಆನ್‌ಲೈನ್‌ನಲ್ಲಿ ಕೊಳ್ತಿದ್ದೀರಾ? ಕಥೆ ಬಿಡಿ, ತೂಕ ಕೇಳಿ

ರೀಲ್ಸ್ ನೋಡೋವಾಗ ನಿಮಗೂ ಇಂಥ ಪೋಸ್ಟ್ ಕಂಡಿರುತ್ತೆ: ‘ತಾತನ ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯ, ಅರ್ಜೆಂಟಾಗಿ ದುಡ್ಡು ಬೇಕು, ಕಡಿಮೆಗೆ ಕೊಡ್ತೀನಿ.’ ಫೋಟೋ ಚೆನ್ನಾಗಿರುತ್ತೆ, ಕಥೆ ಅದಕ್ಕಿಂತ ಚೆನ್ನಾಗಿರುತ್ತೆ. ನಾನು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸಂಗ್ರಹಿಸುವವನು. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಕೊಂಡು ಅಸಲಿ ಯಾವುದು, ನಕಲಿ ಯಾವುದು ಅಂತ ನೋಡೋದು ಹೇಗೆ ಅಂತ ಹೇಳ್ತೀನಿ.

ಮೊದಲನೇ ಪ್ರಶ್ನೆ: ಇಂಥದ್ದೊಂದು ನಾಣ್ಯ ನಿಜವಾಗಿ ಇತ್ತಾ? ಆನ್‌ಲೈನ್‌ನಲ್ಲಿ ತುಂಬಾ ಓಡಾಡೋದು ರಾಮ, ಸೀತೆ, ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ, 1818’ ಅಂತ ಬರೆದಿರುವ ಅಣಾ. ಕೆಲವರು ಇದು ಅಕ್ಕಿಕಾಳು ಎಳೆಯುತ್ತೆ, ಕೋಟಿಗೆ ಹೋಗುತ್ತೆ ಅಂತಲೂ ಹೇಳ್ತಾರೆ. ಕಂಪನಿಯವರು ಮದ್ರಾಸಿನಲ್ಲಿ ದೇವರ ಚಿತ್ರ ಇರುವ ಚಿನ್ನದ ವರಹ ಹೊರಡಿಸಿದ್ದು ನಿಜ. ಆದರೆ ಈ ರಾಮದರ್ಬಾರ್ ಅಣಾವನ್ನ ಕಂಪನಿಯ ಯಾವ ಟಂಕಸಾಲೆಯೂ ಹೊರಡಿಸಿಲ್ಲ. ಇದು ಅಸಲಿಯ ನಕಲೂ ಅಲ್ಲ, ಯಾಕಂದ್ರೆ ಅಸಲಿಯೇ ಇಲ್ಲ. ಪೂಜೆಗೆ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ, ಇತಿಹಾಸ ಅಂತ ಮಾತ್ರ ಕೊಳ್ಳಬೇಡಿ.

ಎರಡನೇದು ತೂಕ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಇವರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ತುಂಬಾ ಸವೆದಿದ್ರೆ ತೂಕ ಸ್ವಲ್ಪ ಕಡಿಮೆ ಇರಬಹುದು. ಆದರೆ 10 ಗ್ರಾಂ ತೂಗಿದ್ರೆ ಅನುಮಾನ ಪಡಿ, 13 ಗ್ರಾಂ ತೂಗಿದ್ರೆ ಖಂಡಿತ ಬೇಡ. ಮಾರುವವರಿಗೆ ‘ತಕ್ಕಡಿ ಮೇಲಿಟ್ಟು ವಿಡಿಯೋ ಕಳಿಸಿ’ ಅಂತ ಕೇಳಿ. ಅಸಲಿ ಇಟ್ಕೊಂಡವರಿಗೆ ಇದೇನು ಕಷ್ಟದ ಕೆಲಸ ಅಲ್ಲ. ಕೇಳಿದ ತಕ್ಷಣ ಸಿಟ್ಟಾದ್ರೆ, ಮಾತು ಬದಲಾಯಿಸಿದ್ರೆ, ನೀವು ಅಲ್ಲಿಂದ ಹೊರಟುಬಿಡಿ.

‘ಮ್ಯಾಗ್ನೆಟ್ ಹಿಡಿದ್ರೆ ಸಾಕಲ್ವಾ?’ ಅಂತ ಕೇಳ್ತೀರಿ. ಸಾಲದು. ಬೆಳ್ಳಿ ಮ್ಯಾಗ್ನೆಟ್‌ಗೆ ಅಂಟಲ್ಲ ಅನ್ನೋದು ನಿಜ, ಆದರೆ ಹಿತ್ತಾಳೆಯೂ ಅಂಟಲ್ಲ, ತಾಮ್ರವೂ ಅಂಟಲ್ಲ. ಇನ್ನೊಂದು ಕಡೆ 1947ರ ರೂಪಾಯಿ ನಿಕ್ಕಲ್‌ನದು. ಅಸಲಿ ಆಗಿದ್ರೂ ಅಂಟುತ್ತೆ.

ಅದಕ್ಕಿಂತ ಒಳ್ಳೇ ಪರೀಕ್ಷೆ ನಾಣ್ಯ ಕೈಗೆ ಬಂದ ಮೇಲೆ ಮನೆಯಲ್ಲೇ ಮಾಡಬಹುದು. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ ಬರೆದಿಟ್ಕೊಳ್ಳಿ. ಆಮೇಲೆ ನೀರಿನ ಲೋಟ ಇಟ್ಟು ತಕ್ಕಡಿಯನ್ನ ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಅಸಲಿ ರೂಪಾಯಿ ಆದ್ರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತೆ. ಒಣಗಿದ್ದಾಗಿನ ತೂಕವನ್ನ ಈ ಸಂಖ್ಯೆಯಿಂದ ಭಾಗಿಸಿ, 10.3 ಹತ್ತಿರ ಬರಬೇಕು. ತಾಮ್ರ-ನಿಕ್ಕಲ್ ಮಿಶ್ರಣಕ್ಕೆ ಬೆಳ್ಳಿ ಲೇಪ ಹಾಕಿದ್ದಾದ್ರೆ ಉತ್ತರ 9ಕ್ಕಿಂತ ಕೆಳಗೆ ಬರುತ್ತೆ. ಮೇಲಿನ ಹೊಳಪು ಕಣ್ಣಿಗೆ ಮೋಸ ಮಾಡಬಹುದು, ನೀರಿಗೆ ಮೋಸ ಮಾಡೋಕಾಗಲ್ಲ.

ಮೂರನೇದು, ನಾಣ್ಯದ ಅಂಚು ನೋಡಿ. ಟಂಕಸಾಲೆಯಲ್ಲಿ ಅಚ್ಚು ಒತ್ತಿ ಮಾಡಿದ ನಾಣ್ಯದ ಅಕ್ಷರ ಚೂಪಾಗಿರುತ್ತೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಬಳಸಿದ ಸೋಪಿನ ಹಾಗೆ ಮೊಂಡಾಗಿರುತ್ತೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿ ಇರುತ್ತೆ, ಅಂಚಿನಲ್ಲಿ ಸುತ್ತಲೂ ಒಂದು ಗೆರೆ ಕಾಣಬಹುದು. ಎರಡು ಅಚ್ಚು ಸೇರಿದ ಜಾಗ ಅದು. ಹಾಗಾಗಿ ಎರಡು ಮುಖದ ಫೋಟೋ ಮಾತ್ರ ಅಲ್ಲ, ಅಂಚಿನ ಫೋಟೋನೂ ಕೇಳಿ.

ಇನ್ನು ಬೆಲೆ. ಒಂದು ಅಸಲಿ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇರುತ್ತೆ. ಇವತ್ತಿನ ಬೆಳ್ಳಿ ದರದಿಂದ ಗುಣಿಸಿ ನೋಡಿ. ಅದಕ್ಕಿಂತ ಕಡಿಮೆಗೆ ಯಾರಾದ್ರೂ ಕೊಡ್ತಿದ್ರೆ ಒಂದು ಯೋಚನೆ ಮಾಡಿ: ಪಕ್ಕದ ಬೀದಿಯ ಅಕ್ಕಸಾಲಿಗರಿಗೆ ಕೊಟ್ರೂ ಅದಕ್ಕಿಂತ ಜಾಸ್ತಿ ಸಿಗುವಾಗ, ಅವರು ನಿಮಗ್ಯಾಕೆ ಕೊಡ್ತಾರೆ?

ಒಂದು ಎಚ್ಚರಿಕೆ. 1939ರ ಬೆಳ್ಳಿ ರೂಪಾಯಿ ತುಂಬಾ ಅಪರೂಪ, ಬೆಲೆಯೂ ದೊಡ್ಡದು. ಅದಕ್ಕೇ ಅದರ ನಕಲಿಯೂ ಜಾಸ್ತಿ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಆ ನಾಣ್ಯದ ಇಸವಿ ತಿದ್ದಿದ್ರೆ ನೀರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ, 9.5 ಹತ್ತಿರ ಬರುತ್ತೆ. ಆದರೆ 1938ರ ಅಸಲಿ ನಾಣ್ಯದ 8 ಅನ್ನ 9 ಮಾಡಿದ್ರೆ ತೂಕ, ಬೆಳ್ಳಿ ಎಲ್ಲಾ ಸರಿಯಾಗೇ ಇರುತ್ತೆ. ಆಗ ಭೂತಗನ್ನಡಿ ಹಿಡಿದು ಕೊನೇ ಅಂಕಿ ಸುತ್ತ ಕೆರೆದ ಗುರುತು ಇದೆಯಾ ನೋಡಬೇಕು. ಇಷ್ಟು ದುಬಾರಿ ನಾಣ್ಯವನ್ನ ಬರೀ ಫೋಟೋ ನೋಡಿ ಕೊಳ್ಳಲೇಬೇಡಿ, ಅನುಭವ ಇರುವ ಸಂಗ್ರಹಕಾರರ ಕೈಗೆ ಕೊಟ್ಟು ತೋರಿಸಿ.

‘ಆರ್‌ಬಿಐ ಸರ್ಟಿಫಿಕೇಟ್ ಇದೆ’ ಅಂದ್ರೂ ನಂಬಬೇಡಿ. ಹಳೇ ನಾಣ್ಯ, ನೋಟುಗಳ ವ್ಯವಹಾರ ತಾನು ಮಾಡಲ್ಲ, ಅದಕ್ಕೆ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಕೊಳ್ಳೋವಾಗ ವಾಪಸ್ ಕೊಡೋ ಅವಕಾಶ ಇದೆಯಾ ಅಂತ ಬರಹದಲ್ಲೇ ಕೇಳಿ. ಪಾರ್ಸೆಲ್ ಬಿಚ್ಚೋದನ್ನ ಪೂರ್ತಿ ವಿಡಿಯೋ ಮಾಡಿ. ಚಾಟ್ ಡಿಲೀಟ್ ಮಾಡ್ಬೇಡಿ. ಮೋಸ ಆಯ್ತು ಅಂದ್ರೆ ತಡ ಮಾಡದೆ 1930ಕ್ಕೆ ಕಾಲ್ ಮಾಡಿ, ಅದು ಸೈಬರ್ ವಂಚನೆ ದೂರಿಗೆ ಇರುವ ಸಹಾಯವಾಣಿ.

ನಾಣ್ಯ ಸಂಗ್ರಹ ಒಳ್ಳೇ ಹವ್ಯಾಸ. ನೂರು ವರ್ಷದ ಹಿಂದೆ ಯಾರೋ ಸಂತೆಯಲ್ಲಿ ಎಣಿಸಿ ಕೊಟ್ಟ ರೂಪಾಯಿ ನಮ್ಮ ಅಂಗೈ ಮೇಲಿರುತ್ತೆ ಅಂದ್ರೆ ಸಣ್ಣ ವಿಷಯ ಅಲ್ಲ. ಅದು ಅಸಲಿಯೇ ಆಗಿರಲಿ. ಹಳೇ ನಾಣ್ಯದ ಹಿಂದೆ ಬಿದ್ದಿರೋ ಫ್ರೆಂಡ್ ಯಾರಾದ್ರೂ ಇದ್ರೆ, ದುಡ್ಡು ಕಳಿಸೋ ಮುಂಚೆ ಇದನ್ನ ಕೇಳಿಸಿ. ಮತ್ತೆ ಸಿಗೋಣ.